ಜೋಕಾಲಿಯ ಕೊಂಡಿ

ಕಮರಿಪೇಟೆಯ ಪೇಂಟರ್ ಬೀರಲಿಂಗಪ್ಪನ ಕೈಗೆ ಊರಲ್ಲಿ ಒಳ್ಳೆಯ ಹೆಸರಿತ್ತು. ಯಾರ ಮನೆಯ ಗೇಟೇ ಇರಲಿ, ತುಕ್ಕನ್ನು ಪೂರ್ತಿ ತಿಕ್ಕಿ ತೆಗೆಯದೆ ಅವನು ಬ್ರಷ್ ಮುಟ್ಟುತ್ತಿರಲಿಲ್ಲ. ಸ್ವಂತ ಮನೆಯ ಕೆಲಸಕ್ಕೆ ಮಾತ್ರ ಪುಣ್ಯಾತ್ಮನಿಗೆ ಪುರುಸೊತ್ತೇ ಇಲ್ಲ. ನಾಗರಪಂಚಮಿ ಬಂತೆಂದರೆ, ಪಡಸಾಲೆಯ ತೊಲೆಯಲ್ಲಿದ್ದ ಜೋಕಾಲಿಯ ಕೊಂಡಿಗೆ ಅವಸರದಲ್ಲಿ ಮೇಲೊಂದು ಕೈ ಸಿಲ್ವರ್ ಬಣ್ಣ ಬಳಿದುಬಿಡುವನು. ಕೊಂಡಿ ಫಳಫಳ ಹೊಳೆದರೆ ಮಗಳು ಸೃಷ್ಟಿಗೆ ಅದೇ ಹಬ್ಬ.

ಆರು ವರ್ಷದ ಹಿಂದಿನ ಪಂಚಮಿಯಂದು ಆ ಕೊಂಡಿ ಮುರಿಯಿತು. ಜೋಕಾಲಿಯಿಂದ ಬಿದ್ದು ನೆಲದ ಕಲ್ಲಿಗೆ ತಲೆ ಬಡಿದ ಸೃಷ್ಟಿ ಮತ್ತೆ ಕಣ್ಣು ತೆರೆಯಲಿಲ್ಲ. "ನಾನ ಜೋರ್ ತೂಗಿಬಿಟ್ನಿ," ಎಂದು ಅವಳ ತಾಯಿ ದೇವಕ್ಕ ಬಂದವರೆಲ್ಲರ ಮುಂದೆ ಎದೆ ಬಡಿದುಕೊಂಡಳು. ಬೀರಲಿಂಗಪ್ಪ ಅಲ್ಲವೆನ್ನಲಿಲ್ಲ. ಹೆಂಡತಿಯ ಮೇಲೆ ಒಳಗೊಳಗೇ ಮುನಿಸಿಕೊಂಡ. ಅವಳೊಡನೆ ಮಾತು ಊಟ ನೀರಿಗಷ್ಟೇ ಉಳಿಯಿತು.

ಈ ವರ್ಷ ಅವನಿಗೆ ಧಾರವಾಡದ ಒಂದು ಪ್ರಯೋಗಾಲಯದಲ್ಲಿ ಕಬ್ಬಿಣದ ತಗಡುಗಳಿಗೆ ಬಣ್ಣ ಬಳಿಯುವ ಕೆಲಸ ಸಿಕ್ಕಿತು. ಸಂಶೋಧಕಿ ಮಾನಸಿ ಆ ಬಣ್ಣದಲ್ಲಿ ಹೊಳೆಯುವ ನ್ಯಾನೊ ಕಣಗಳನ್ನು ಬೆರೆಸಿದ್ದಳು, ಕಣ್ಣಿಗೆ ಕಾಣದಷ್ಟು ಸಣ್ಣವು. ಒಂದು ದಿನ ಉಪ್ಪುನೀರಲ್ಲಿ ನೆನೆಸಿದ್ದ ತಗಡೊಂದನ್ನು ತೆಗೆದು, ಕೋಣೆ ಕತ್ತಲೆ ಮಾಡಿ, ನೇರಳೆ ದೀಪ ಹಿಡಿದಳು. ತಗಡೆಲ್ಲ ನೀಲಿಯಾಗಿ ಹೊಳೆಯಿತು. ನಡುವೆ ಒಂದು ಕಪ್ಪು ಚುಕ್ಕೆ.

"ಅಲ್ಲಿ ತುಕ್ಕು ಸುರು ಆಗೇದ್ರಿ ಕಾಕಾ. ತುಕ್ಕು ತಾಗಿದಲ್ಲಿ ಹೊಳಪು ಆರತದ. ಬರೇ ಕಣ್ಣಿಗೆ ಬಣ್ಣ ಛಲೋನ ಕಾಣತದ."

"ಮುರಿಯೂತನಕಾ ಛಲೋನ ಕಾಣತೈತೇನ್ರಿ?"

"ಹೂಂ ರಿ. ಒಳಗ ವರ್ಷಗಟ್ಟಲೆ ತಿಂತಿರತದ."

ಗೊತ್ತಿಲ್ಲದ ಮಾತೇನಲ್ಲ. ಊರವರ ಗೇಟನ್ನು ಅಷ್ಟೊಂದು ತಿಕ್ಕುತ್ತಿದ್ದದ್ದು ಇದಕ್ಕೇ ತಾನೆ? ಕೊಂಡಿಯ ವಿಷಯದಲ್ಲಿ ಮಾತ್ರ ಅವನು ತನ್ನ ಮನಸ್ಸನ್ನು ಆ ಕಡೆ ಹೋಗಗೊಟ್ಟಿರಲಿಲ್ಲ. ಈಗ ಆ ಚುಕ್ಕೆಯನ್ನು ನೋಡಿದವನು ಕೆಲಸ ಅರ್ಧಕ್ಕೇ ಬಿಟ್ಟು ಹೊರಟ.

ಮನೆಗೆ ಬಂದಾಗ ದೇವಕ್ಕ ರೊಟ್ಟಿ ಬಡಿಯುತ್ತಿದ್ದಳು.

"ನೀ ತೂಗಿದ್ದಕ್ಕಲ್ಲ, ದೇವಿ," ಎಂದ. "ತುಕ್ಕಿನ ಮ್ಯಾಲೆ ನಾ ಬಣ್ಣ ಹಚ್ಚಿದ್ನಿ."

ಅವಳು ಕೈ ನಿಲ್ಲಿಸಲಿಲ್ಲ. "ಗೊತ್ತೈತ್ರಿ. ಮುರಿದ ಕೊಂಡಿ ಅವತ್ತ ನಾನ ಎತ್ತಿಟ್ನಿ. ಒಳಗೆಲ್ಲಾ ಕೆಂಪಗಿತ್ತು."

"ಮತ್ತ ನಿನ್ನ ಮ್ಯಾಲ್ಯಾಕ ಹಾಕ್ಕೊಂಡಿ?"

"ಇಬ್ಬರೊಳಗ ಒಬ್ಬರಾರ ನಿದ್ದಿ ಮಾಡಲಿ ಅಂತ."

ಆರು ವರ್ಷ ಅವಳ ಮೇಲೆ ಮುನಿಸಿಕೊಂಡು ನಿದ್ದೆ ಮಾಡಿದ್ದವನು ಒಲೆಯ ಮುಂದೆ ಕುಸಿದು ಕುಳಿತ.