ಮುದ್ದತು ಮುಗಿದ ಮೇಲೆ

ನನ್ನ ಏಳು ವರ್ಷದ ಮಗಳು ಗಂಗವ್ವ ಅಂದು ರೊಟ್ಟಿ ಮುಟ್ಟಲಿಲ್ಲ. ತಲೆ ನೋಯುತ್ತದೆ ಎಂದಳು. ಬಿಸಿಲಲ್ಲಿ ಆಡಿದ್ದಾಳೆ, ಸರಿಹೋಗುತ್ತದೆ ಎಂದುಕೊಂಡು ನಾನು ನರಗುಂದ ಪೇಟೆಯ ನನ್ನ ಕಾಳಿನ ಅಂಗಡಿಗೆ ಹೋದೆ. ಐದನೆಯ ದಿನಕ್ಕೆ ಮೈ ಹಂಚಿನಂತೆ ಕಾದಿತ್ತು. ಗಾಡಿ ಹೂಡಿ ಗಜೇಂದ್ರಗಡದಿಂದ ಹಕೀಮರನ್ನು ಕರೆತಂದೆ.

ಅವರು ನಾಡಿ ಹಿಡಿದು, "ಇದು ಮುದ್ದತಿನ ಜ್ವರ. ಇಪ್ಪತ್ತೊಂದು ದಿನ ಇದ್ದ ಹೋಗತೈತಿ. ರೊಟ್ಟಿ ಬ್ಯಾಡ, ಗಂಜಿ ತಿಳಿ ಕೊಡ್ರಿ," ಎಂದರು.

"ಔಷಧರಿ?"

"ಮುದ್ದತು ಮುಗೀಬೇಕು, ಅಷ್ಟ."

ಕೂತು ದಿನ ಎಣಿಸುವುದೇ ಔಷಧ ಎಂದರೆ ಯಾವ ತಂದೆಗೆ ಸಿಟ್ಟು ಬರುವುದಿಲ್ಲ?

ನನ್ನ ಅವ್ವ ಅವರಿಗಿಂತ ಒಂದು ಹೆಜ್ಜೆ ಮುಂದೆ. ಜ್ವರದ ಮೈಗೆ ಗಾಳಿ ಹೊಕ್ಕರೆ ಸನ್ನಿಯಾಗುತ್ತದೆ ಎಂದು ಮೊಮ್ಮಗಳ ಎರಡೂ ಕಿವಿಗೆ ಅರಳೆ ತುರುಕಿ, ಮೇಲೆ ಅರಿವೆ ಬಿಗಿದು, ಕಿಟಕಿಗೆ ಗೋಣಿ ಹೊದಿಸಿದಳು. ನಮ್ಮಲ್ಲಿ ಎಲ್ಲರೂ ಹಾಗೇ ಮಾಡುತ್ತಾರೆ. ನಾನೂ ಹೂಂ ಎಂದೆ.

ಸನ್ನಿ ಆಗಿಯೇ ಆಯಿತು. ಎರಡನೆಯ ವಾರ ಮಗು ಕಣ್ಣು ತೆರೆದುಕೊಂಡೇ ಬಡಬಡಿಸಿತು. ನನ್ನನ್ನೂ ಗುರುತಿಸಲಿಲ್ಲ. ತಲೆ ಸವರಿದರೆ ಕೂದಲು ಕೈಗೆ ಬಂತು. ಹೆಂಡತಿ ನೀಲವ್ವ ಗೋಡೆಯ ಮೇಲೆ ಇದ್ದಿಲಿನ ಗೀರು ಎಳೆದು ದಿನ ಎಣಿಸುತ್ತಿದ್ದಳು. ಅವ್ವ, ಮೊದಲ ದಿನ ಅಮಾವಾಸ್ಯೆ, ಅದನ್ನು ಹಿಡಿಯಬೇಡ ಎಂದು ಒಂದು ಗೀರು ಅಳಿಸುತ್ತಿದ್ದಳು. ಅದಕ್ಕೆ ದಿನಾ ಜಗಳ. ಅಲ್ಲಿ ಮಗುವಿನ ಜೀವ ಹೋಗುತ್ತಿದೆ, ಇವರಿಗೆ ಗೀರಿನ ಚಿಂತೆ.

ನಡುವೆ ಒಮ್ಮೆ ಗಂಗವ್ವ ಎಚ್ಚರವಾಗಿ, "ಅಪ್ಪಾ, ಎಲ್ಲಾರೂ ಯಾಕ ಇಷ್ಟ ಮೆಲ್ಲಕ ಮಾತಾಡ್ತೀರಿ?" ಎಂದಳು. ನಾನು ಅವಳ ಕಿವಿಯ ಅರಳೆ ಮುಟ್ಟಿ ತೋರಿಸಿ ನಕ್ಕೆ.

ನಕ್ಕೆನಲ್ಲ, ಅದು ಈಗಲೂ ಚುಚ್ಚುತ್ತದೆ.

ಇಪ್ಪತ್ಮೂರನೆಯ ದಿನ ಜ್ವರ ಇಳಿಯಿತು. ಮತ್ತೆರಡು ದಿನ ಬಿಟ್ಟು ನೀಲವ್ವ ಅರಳೆ ತೆಗೆದು, ತಲೆಗೆ ಎರೆದು, ಮಗಳನ್ನು ಪಡಸಾಲೆಯಲ್ಲಿ ಕೂರಿಸಿದಳು. ನಾನು ಹಿಂದಿನಿಂದ ಕರೆದೆ. ತಿರುಗಲಿಲ್ಲ. ಮತ್ತೆ ಕರೆದೆ.

"ಸೊಕ್ಕ ನೋಡು. ಜಡ್ಡಿನ್ಯಾಗ ಮುದ್ದು ಮಾಡಿದ್ದು ಭಾಳ ಆತು," ಎಂದಳು ಅವ್ವ. ನಾನೂ ಗದರಿಸಿದೆ.

ಅಷ್ಟರಲ್ಲಿ ಗುಡ್ಡದ ಮೇಲೆ ದೊರೆಯ ಕೋಟೆಯಲ್ಲಿ ಮಧ್ಯಾಹ್ನದ ತೋಪು ಹಾರಿತು. ಕೊಟ್ಟಿಗೆಯ ಎಮ್ಮೆ ಬೆದರಿ ಹಗ್ಗ ಜಗ್ಗಿತು. ಗಂಗವ್ವ ತನ್ನ ಬೆರಳು ನೋಡುತ್ತ ಕುಳಿತೇ ಇದ್ದಳು.

ಆಮೇಲೆ ನನ್ನನ್ನು ಕಂಡು, "ಅಪ್ಪಾ, ಅರಳಿ ತಗೀ," ಎಂದಳು.

ಅರಳೆ ನೀಲವ್ವನ ಅಂಗೈಯಲ್ಲಿತ್ತು.

ಹಕೀಮರು ಮತ್ತೆ ಬಂದರು. "ಈ ಜ್ವರ ಕೆಲವು ಹುಡುಗರ ಕಿವಿ ಒಯ್ಯತೈತ್ರಿ. ತಿರುಗಿ ಬಂದ್ರೂ ಬಂತು, ಬರದಿದ್ರೂ ಇಲ್ಲ. ಜೀವ ಉಳೀತಲ್ಲ."

"ಮೊದಲ ಯಾಕ ಹೇಳಲಿಲ್ರಿ?"

"ಹೇಳಿದ್ರ ಏನ ಮಾಡ್ತಿದ್ರಿ?"

ಅವರ ಕೈಗೆ ದುಡ್ಡು ಹಾಕಿ ಗಾಡಿ ಹತ್ತಿಸಿದೆ. ಸಿಟ್ಟು ಮಾತ್ರ ಇಳಿಯಲಿಲ್ಲ.

ನೋಡಲು ಬಂದವರೆಲ್ಲ ಜೀವ ಉಳಿಯಿತಲ್ಲ ಅಂದರು. ಕೇಳಿ ಕೇಳಿ ಬೇಸತ್ತೆ. ಹೌದು, ಉಳಿದಿದೆ. ಇದೇ ಜ್ವರಕ್ಕೆ ಮಗನನ್ನು ಮಣ್ಣು ಮಾಡಿದ ರೋಣದ ನನ್ನ ತಂಗಿಯ ಮುಂದೆ ನಾನು ಗೊಣಗಲಾರೆ. ಅವಳು ಬಂದು ಗಂಗವ್ವನನ್ನು ತೊಡೆಯ ಮೇಲೆ ಕೂರಿಸಿಕೊಂಡಾಗ ದೇವರಿಗೆ ಕೈಮುಗಿದದ್ದೂ ಖರೆ. ಆದರೂ, ಯಾಕೆ ಮೆಲ್ಲಗೆ ಮಾತಾಡುತ್ತೀರಿ ಎಂದು ಮಗು ತಾನಾಗಿ ಕೇಳಿದ ದಿನವೇ ಆ ಅರಳೆ ಕಿತ್ತು ನೋಡಬಹುದಿತ್ತು. ಕಿವಿ ಉಳಿಯುತ್ತಿತ್ತೋ ಇಲ್ಲವೋ, ಕೇಳದ ಮಗುವನ್ನು ಸೊಕ್ಕಿನವಳೆಂದು ಗದರಿಸುವ ಪಾಪವಾದರೂ ತಪ್ಪುತ್ತಿತ್ತು.

ಈಗ ಎರಡು ತಿಂಗಳು. ಕಿವಿ ಬಂದಿಲ್ಲ. ಬರುತ್ತದೆಂದು ಕಾಯುವುದನ್ನು ಬಿಟ್ಟಿಲ್ಲ, ಆದರೆ ಹಿಂದಿನಿಂದ ಕರೆಯುವುದನ್ನು ಬಿಡಲು ಕಲಿಯುತ್ತಿದ್ದೇನೆ. ನಿನ್ನೆ ಅಂಗಡಿಗೆ ಬಂದಳು. ಎದುರಿಗೆ ಕೂರಿಸಿಕೊಂಡು, ತುಟಿಯನ್ನು ನಿಧಾನವಾಗಿ ಆಡಿಸಿ, "ಉಂಡೇನವ್ವಾ?" ಎಂದೆ. ನನ್ನ ಬಾಯನ್ನೇ ದಿಟ್ಟಿಸಿದಳು. ಇನ್ನೊಮ್ಮೆ ಕೇಳಿದೆ.

"ಉಂಡೆ. ನೀ ಉಣ್ಣಾಕ ಬಾ, ಅವ್ವ ಕರ್ಯಾಕತ್ತಾಳ."

ತನ್ನ ದನಿ ತನಗೆ ಕೇಳದು. ಪೇಟೆಯ ಅರ್ಧ ಮಂದಿ ತಿರುಗಿ ನೋಡುವಷ್ಟು ಜೋರಾಗಿ ಹೇಳಿದ್ದಳು. ಮೆಲ್ಲಗೆ ಮಾತಾಡು ಎಂದು ನಾನು ಹೇಳಲಿಲ್ಲ.