ಎಡಗೈಯ ವಿಭೂತಿ

ರೊಟ್ಟಿ ಬಡಿಯುತ್ತಿದ್ದೆ. ಹಂಚಿನ ಮೇಲೊಂದು ಬೇಯುತ್ತಿತ್ತು, ಕೈಯಡಿಯದು ಅರ್ಧ ಆಗಿತ್ತು. ಪಕ್ಕದ ಮನೆಯ ಖಾಲಾ ಹಿತ್ತಲ ಬಾಗಿಲಿನಿಂದ ಬಂದಳು. ಅವಳ ಮಗ ಜೈಲಿನಲ್ಲಿ ಪಹರೆಯವನು. ನನ್ನ ಯಜಮಾನರು ಅದೇ ಜೈಲಿನಲ್ಲಿ ಕೈದಿ. ರಾಜ್ಯ ಆಳುವವರು ಜನರನ್ನೂ ಕೇಳಬೇಕು ಎಂದು ಗೊಬ್ಬೂರಿನ ಚಾವಡಿ ಮುಂದೆ ನಿಂತು ಹೇಳಿದ್ದೇ ಅವರ ತಪ್ಪು.

"ಐದು ದಿನ ಆತು ಮಗಳ, ಅವ ಅನ್ನ ಮುಟ್ಟಿಲ್ಲಂತ. ನಾವೂ ರೋಜಾ ಹಿಡಿತೀವಿ, ಸಂಜಿಗಿ ಬಿಡ್ತೀವಿ. ನಿನ್ನ ಗಂಡನ ರೋಜಾಕ್ಕ ಸಂಜಿನೇ ಇಲ್ಲೇನು?"

ಕಾರಣವನ್ನೂ ಅವಳೇ ಹೇಳಿದಳು. ಬೆಳ್ಳಿಯ ಸಾಮಾನು ಒಳಗೆ ಬಿಡುವುದಿಲ್ಲವೆಂದು ಜೈಲಿನ ಬಾಗಿಲಲ್ಲೇ ಅವರ ಕೊರಳಿನ ಕರಡಿಗೆ ಬಿಚ್ಚಿಸಿಕೊಂಡಿದ್ದರಂತೆ. ಇಷ್ಟಲಿಂಗ ಅದರೊಳಗೆ. ಲಿಂಗಪೂಜೆಯಾಗದೆ ಅವರು ಒಂದು ದಿನವೂ ಉಂಡವರಲ್ಲ. ತಪ್ಪಾಯಿತೆಂದು ಮಾಫಿ ಬರೆದುಕೊಟ್ಟರೆ ಕರಡಿಗೆಯೂ ಸಿಗುತ್ತದೆ, ಮನೆಗೂ ಹೋಗಬಹುದು ಎಂದಿದ್ದನಂತೆ ಅಲ್ಲಿಯ ಅಧಿಕಾರಿ. ನೀನು ಹೇಳಿದರೆ ಬರೆದಾನು, ಮಗ ಮಧ್ಯಾಹ್ನ ನೌಕರಿಗೆ ಹೊರಡುತ್ತಾನೆ, ಏನು ಹೇಳಿ ಕಳಿಸಲಿ ಎಂದು ಕೇಳಿದಳು.

ಬರೀಲಿ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು, ಸುಳ್ಳೇಕೆ ಹೇಳಲಿ. ಹಂಚಿನ ರೊಟ್ಟಿ ಹೊತ್ತಿಹೋಯಿತು. ಹಿಟ್ಟಿನ ಕೈಯಲ್ಲೇ ಮಠಕ್ಕೆ ಓಡಿದೆ. ನಮಗಿಬ್ಬರಿಗೂ ಲಿಂಗ ಕಟ್ಟಿದ ಮುದಿ ಅಯ್ಯನವರು ಎಲ್ಲ ಕೇಳಿ ವಿಭೂತಿ ಗಟ್ಟಿಯೊಂದನ್ನು ನನ್ನ ಕೈಗಿಟ್ಟರು.

"ಕರಡಿಗಿ ಕಸ್ಕೊಂಡಾರ, ಅಂಗೈ ಕಸ್ಕೊಂಡಿಲ್ಲಲ್ಲ ತಂಗಿ. ಎಡಗೈಗೆ ವಿಭೂತಿ ಹಚ್ಕೊಂಡು, ಲಿಂಗ ಇಲ್ಲೇ ಐತಿ ಅಂತ ಪೂಜಿ ಮಾಡಿ ಉಣ್ಣಲಿ. ತಪ್ಪಾದ್ರ ನನ್ನ ತಲಿಮ್ಯಾಲ."

ಮನೆಗೆ ಬಂದು ಆ ಗಟ್ಟಿಯನ್ನು ಖಾಲಾಳ ಸೆರಗಿಗೆ ಕಟ್ಟಿದೆ.

"ಉಣ್ಣಾಕ ಹೇಳ್ರಿ ಖಾಲಾ. ಬರಿಯೂದು ಬಿಡೂದು ಅವರಿಗೇ ಬಿಟ್ಟದ್ದು."

ಅವರು ಉಂಡರು. ಬರೆಯಲಿಲ್ಲ.

ತಿಂಗಳು ತುಂಬುವುದರೊಳಗೆ ಜೈಲಿಗೆ ವಾಂತಿಭೇದಿ ಹೊಕ್ಕಿತು. ಅವರ ದೇಹ ಎತ್ತಿನ ಗಾಡಿಯಲ್ಲಿ ಬಂತು, ಜೊತೆಗೆ ಅರಿವೆಯಲ್ಲಿ ಸುತ್ತಿದ ಕರಡಿಗೆ. ನಮ್ಮಲ್ಲಿ ಮಣ್ಣು ಮಾಡುವಾಗ ಲಿಂಗವನ್ನು ಎಡ ಅಂಗೈಯಲ್ಲಿ ಇಡುತ್ತಾರೆ. ಅಯ್ಯನವರು ಮಡಚಿದ ಬೆರಳುಗಳನ್ನು ಬಿಡಿಸಿದರು. ಅಂಗೈಯ ಗೆರೆಗಳಲ್ಲಿ ವಿಭೂತಿ ಇನ್ನೂ ಬೆಳ್ಳಗಿತ್ತು. ಅದರ ಮೇಲೆಯೇ ಲಿಂಗ ಇಟ್ಟರು.

ಹಸಿದು ಸಾಯಲಿಲ್ಲ. ಲಿಂಗ ಅವರ ಕೈ ಸೇರಿತು. ಶಿವ ಇಷ್ಟಾದರೂ ನಡೆಸಿಕೊಟ್ಟ ಎಂದುಕೊಳ್ಳುತ್ತೇನೆ. ಆದರೂ ಅಂದು ನಾನು ಬರೀಲಿ ಎಂದಿದ್ದರೆ ಅವರು ನಡೆದುಕೊಂಡೇ ಮನೆಗೆ ಬರುತ್ತಿದ್ದರೇನೋ. ಇದನ್ನು ಅಯ್ಯನವರಿಗೂ ಹೇಳಲಿಲ್ಲ.

ಮೂರನೆಯ ದಿನ ಖಾಲಾ ತನ್ನ ಮನೆಯ ಜೋಳದ ಹಿಟ್ಟು ತಂದಿಟ್ಟು ಹೋದಳು. ಒಲೆ ಹೊತ್ತಿಸಿ, ಹಿಟ್ಟು ನಾದಲು ಎಸರಿಟ್ಟೆ.