ಖಳನಾಯಕನನ್ನು ತಿದ್ದಿದ ಅಡ್ಮಿನಿಸ್ಟ್ರೇಟರ್

ನಾನೇ ಬರೆದ ನಾಟಕದ ಖಳನಾಯಕ ಈಚೆಗೆ ನನ್ನನ್ನು ಒಂದು ಮಾತೂ ಕೇಳದೆ ಒಳ್ಳೆಯವನಾಗಿಬಿಟ್ಟ!

ತಮಾಷೆಯಲ್ಲ. ನಮ್ಮೂರ ಶಾಲೆಯ ಪಡಸಾಲೆಯಲ್ಲಿ ಮೊದಲ ರಿಹರ್ಸಲ್. (ನಮ್ಮೂರು ಎಂದರೆ ಕೊಟ್ಟೂರಿನಿಂದ ಬಸ್ಸಿನಲ್ಲಿ ಅರ್ಧ ಗಂಟೆ. ಬಸ್ಸು ಬಂದರೆ.) ಊರ ಕೆರೆಗೆ ಬೇಲಿ ಹಾಕಿಸಿಕೊಂಡ ಧಣಿಗೆ ನಾಯಕಿ ಕೊನೆಯ ದೃಶ್ಯದಲ್ಲಿ ಚಪ್ಪಲಿಯಿಂದ ಬಾರಿಸಬೇಕು. ಇಡೀ ನಾಟಕ ನಡೆಯುವುದೇ ಆ ಒಂದು ಏಟಿಗಾಗಿ. ನಾಯಕಿಯ ಪಾರ್ಟು ಮಾಡುವ ಕಲಾವಿದೆ ಕೊನೆಯ ಹಾಳೆ ತಿರುವಿದರು, ಮತ್ತೆ ತಿರುವಿದರು, ನನ್ನ ಮುಖ ನೋಡಿದರು.

"ಮೇಡಂ, ಚಪ್ಪಲಿ ಎಲ್ಲಿ ಹೋತ್ರಿ?"

ಹಾಳೆ ಇಸಿದುಕೊಂಡು ನೋಡಿದೆ. ಚಪ್ಪಲಿ ಇಲ್ಲ! ಏಟೂ ಇಲ್ಲ! ನಾಯಕಿ ಏನೋ ಒಂದು ಮಾತು ಹೇಳುತ್ತಾಳೆ, ಧಣಿ ನಾಚಿ ಕೈಮುಗಿಯುತ್ತಾನೆ, ತಾನೇ ಹೋಗಿ ಬೇಲಿ ಕೀಳುತ್ತಾನೆ. ಶುಭಂ.

"ಇದನ್ನ ನಾನು ಬರೆದೇ ಇಲ್ಲ" ಎಂದೆ. ಎಲ್ಲರೂ ಕನಿಕರದಿಂದ ನೋಡಿದರು. ಐವತ್ತು ದಾಟಿದ ಹೆಂಗಸು ಹೀಗಂದರೆ ಜನ ಇನ್ನೇನು ತಿಳಿಯುತ್ತಾರೆ? ಮರೆವು!

ಮನೆಗೆ ಬಂದು ಕಂಪ್ಯೂಟರ್ ತೆರೆದೆ. ಫೈಲಿನಲ್ಲೂ ಅದೇ. ಕೊನೆಯ ಸಲ ತಿದ್ದಿದ್ದು ಬುಧವಾರ ಬೆಳಗ್ಗೆ ಹನ್ನೊಂದೂವರೆಗೆ ಎಂದು ತೋರಿಸಿತು. ಆ ಹೊತ್ತಿಗೆ ನಾನು ಕೊಟ್ಟೂರಿನ ಕಾಲೇಜಿನಲ್ಲಿ ಸಂಧಿ ಬಿಡಿಸುತ್ತಿದ್ದೆ. ಸಂಜೆ ಬಂದು, ಓದಿ ನೋಡದೆಯೇ ಎಲ್ಲರಿಗೂ ಪ್ರಿಂಟ್ ತೆಗೆದಿದ್ದೆ. ನನ್ನ ಪಾಸ್‌ವರ್ಡೋ, ಅಕ್ಷರ, ಅಂಕಿ, ಚುಕ್ಕಿ, ನಕ್ಷತ್ರ ಎಲ್ಲ ಇರುವ ಗಟ್ಟಿ ಪಾಸ್‌ವರ್ಡು. ಯಜಮಾನರಿಗೂ ಹೇಳಿಲ್ಲ. (ಹೇಳಿದ್ದರೂ ಮರೆಯುತ್ತಿದ್ದರು.)

"ಬುಧವಾರ ಮನಿಗೆ ಯಾರು ಬಂದಿದ್ರು?"

"ಯಾರಿಲ್ಲ. ಕೊಟ್ರಪ್ಪನ ಮನಿಯಾವ್ರು ಬಂದು ಏನೋ ಪ್ರಿಂಟ್ ತಗೊಂಡು ಹೋದ್ರು" ಎಂದರು ಯಜಮಾನರು, ಪೇಪರಿನಿಂದ ತಲೆ ಎತ್ತದೆ.

ಕೊಟ್ರಪ್ಪ! ನನ್ನ ನಾಟಕದ ಧಣಿ! ಬೋರ್‌ವೆಲ್ ಮೋಟಾರ್ ರಿಪೇರಿ ಅಂಗಡಿಯವನು. ಮೀಸೆ, ದನಿ ಎರಡೂ ದೊಡ್ಡವಾದ್ದರಿಂದ ಎಷ್ಟೋ ವರ್ಷಗಳಿಂದ ಊರಿಗೆ ಅವನೇ ಖಳನಾಯಕ. ಅಂದಿನ ರಿಹರ್ಸಲ್ಲಿಗೂ ಬಂದಿರಲಿಲ್ಲ. ಮಗಳ ಮದುವೆ ಮಾತಿಗೆಂದು ಹರಪನಹಳ್ಳಿಗೆ ಹೋಗಿದ್ದ. ಬೀಗರಾಗುವವರು ನಾಟಕ ನೋಡಲು ಬರುವವರಿದ್ದರು. ಅವರೆದುರು ಚಪ್ಪಲಿ ಏಟು ತಿನ್ನಲು ಯಾರಿಗೆ ಮನಸ್ಸಾಗುತ್ತದೆ? ಸರಿ, ಕಾರಣ ಸಿಕ್ಕಿತು. ಆದರೆ ಒಳಗೆ ಹೊಕ್ಕಿದ್ದು ಹೇಗೆ?

ಮರುದಿನ ಕಂಪ್ಯೂಟರ್ ಮೆಕ್ಯಾನಿಕ್ ಬಂದು ಎರಡು ನಿಮಿಷ ನೋಡಿದ, ನಾಲಿಗೆ ಕಚ್ಚಿಕೊಂಡ. ಲಾಗಿನ್ ಪರದೆಯ ಮೂಲೆಯಲ್ಲಿ ನನ್ನ ಹೆಸರಿನ ಜೊತೆ ಇನ್ನೊಂದು ಹೆಸರಿತ್ತು. ಅಡ್ಮಿನಿಸ್ಟ್ರೇಟರ್. ದಿನಾ ನೋಡುತ್ತಿದ್ದೆ. ಕಂಪನಿಯವರ ಮುದ್ರೆ ಇರಬೇಕು ಅಂದುಕೊಂಡಿದ್ದೆ. ಅವನು ಅದರ ಮೇಲೆ ಒತ್ತಿದ. ಪಾಸ್‌ವರ್ಡ್ ಕೇಳಲೇ ಇಲ್ಲ, ತೆರೆದುಕೊಂಡಿತು!

"ಇದು ಎಲ್ಲಾರಿಗಿಂತ ಮ್ಯಾಲಿನ ಹೆಸರು ಮೇಡಂ. ಇದರಾಗ ಹೊಕ್ಕರ ನಿಮ್ಮ ಫೈಲೂ ತೆಗೀಬೋದು, ನಿಮ್ಮ ಪಾಸ್‌ವರ್ಡೂ ಬದ್ಲಿ ಮಾಡಬೋದು. ಹೋದ ಸಲ ರಿಪೇರಿಗೆ ಬಂದಾಗ ನಾನ ಚಾಲೂ ಮಾಡಿದ್ದೆ, ಬಂದ್ ಮಾಡೋದು ಮರತೀನ್ರಿ. ನೀವು ಮುಂದಿನ ಬಾಗ್ಲಿಗೆ ಮೂರು ಕೀಲಿ ಹಾಕೀರಿ, ಹಿತ್ತಲ ಬಾಗ್ಲ ಹಾರು ಹೊಡದೈತಿ!"

ನಾಟಕ ಹಾಳಾಗಲಿ, ಅದೇ ಕಂಪ್ಯೂಟರಿನಲ್ಲಿ ನನ್ನ ಆಧಾರ್ ಇದೆ, ಬ್ಯಾಂಕಿನ ಕಾಗದಗಳಿವೆ, ಮುಂದಿನ ಪರೀಕ್ಷೆಯ ಪ್ರಶ್ನೆಪತ್ರಿಕೆ ಇದೆ!

ಅದನ್ನು ಬಂದ್ ಮಾಡಿಸುವುದೂ ಮರೆತು ಸೀದಾ ಕೊಟ್ರಪ್ಪನ ಅಂಗಡಿಗೆ ಹೋದೆ. ತಾಮ್ರದ ತಂತಿ ಸುತ್ತುತ್ತಿದ್ದವನು ನನ್ನ ಮಾತು ಕೇಳಿ ಎದ್ದು ನಿಂತ.

"ಚಪ್ಪಲಿ ಏಟು ಬ್ಯಾಡ ಅಂತ ನಾನಾ? ಏನ್ ಮಾತಾಡ್ತೀರಿ ಮೇಡಂ! ಜನ ಸೀಟಿ ಹೊಡಿಯೋದ ಆ ಏಟಿಗಿ! ಇಷ್ಟ್ ವರ್ಸ ಬಡಿಸ್ಕಂಡು ಹೆಸರು ಮಾಡೀನಿ, ಈಗ ಕೈಮುಗದು ನಿಂತ್ರ ನನ್ನ ಯಾರು ಕೇಳ್ತಾರ?"

ನಟನೆಯೋ ನಿಜವೋ ತಿಳಿಯಲಿಲ್ಲ. ಅಷ್ಟರಲ್ಲಿ ಬುತ್ತಿ ತಂದಿದ್ದ ಅವನ ಮಗಳು ನೇತ್ರಾ, "ಅಪ್ಪ ಅಲ್ರಿ ಅಕ್ಕಾರ, ನಾನು" ಎಂದಳು.

ನೇತ್ರಾ ಡಿಗ್ರಿ ಮುಗಿಸಿ ಕೂಡ್ಲಿಗಿಯಲ್ಲಿ ಟೈಪಿಂಗ್ ಕೆಲಸ ಮಾಡುವ ಹುಡುಗಿ. ಬುಧವಾರ ಪ್ರಿಂಟಿಗೆ ಬಂದವಳು ಅವಳೇ. ನನ್ನ ಹೆಸರು ಒತ್ತಿದರೆ ಪಾಸ್‌ವರ್ಡ್ ಕೇಳಿದೆ, ಪಕ್ಕದ್ದನ್ನು ಒತ್ತಿದ್ದಾಳೆ. ಪ್ರಿಂಟ್ ತೆಗೆದು ಹೊರಡುವಾಗ ನಾಟಕದ ನೆನಪಾಗಿದೆ.

"ತಪ್ಪಾತ್ರಿ. ಆದ್ರ ಅಕ್ಕಾರ, ನಾಳೆ ನಾನು ಆ ಮನಿಗಿ ಸೊಸಿ ಆಗಿ ಹೋದ್ ಮ್ಯಾಲೆ, ಒಂದಿನ ಮಾತಿಗಿ ಮಾತು ಬೆಳದು, ಚಪ್ಪಲಿ ಏಟು ತಿಂದವನ ಮಗಳು ಅಂದ್ರ ಏನ್ ಮಾಡ್ಲಿ?"

ಅವಳ ಕಣ್ಣು ತುಂಬಿತ್ತು. ನನ್ನ ಸಿಟ್ಟು ಎಲ್ಲಿ ಹೋಯಿತೋ. ಕೊಟ್ರಪ್ಪ ಕೈಲಿದ್ದ ತಂತಿ ಕೆಳಗಿಟ್ಟ. ಆಮೇಲೆ ಮೆಲ್ಲಗೆ ಹೇಳಿದ. ಆ ದೊಡ್ಡ ದನಿ ಅಷ್ಟು ಸಣ್ಣದಾಗಿದ್ದನ್ನು ನಾನು ಕೇಳಿರಲಿಲ್ಲ.

"ನಾಟಕ ಯಾವ್ದು, ಖರೆ ಯಾವ್ದು ಗೊತ್ತಿಲ್ದ ಮನಿಗಿ ನಿನ್ನ ಕೊಡಾಂಗಿಲ್ಲವ್ವ. ಏಟು ಇರ್ಲಿ. ಅವ್ರೂ ನೋಡ್ಲಿ."

ಅವತ್ತೇ ಸಂಜೆ ನೇತ್ರಾ ನಮ್ಮ ಮನೆಗೆ ಬಂದು ನನ್ನ ಕಂಪ್ಯೂಟರನ್ನು ಭದ್ರ ಮಾಡಿಕೊಟ್ಟಳು. (ಕದ್ದು ಒಳಹೊಕ್ಕವರಿಗಿಂತ ಚೆನ್ನಾಗಿ ಬೀಗ ಹಾಕಲು ಇನ್ಯಾರಿಗೆ ಗೊತ್ತು?) ಮೇಲಿನ ಹೆಸರಿಗೆ ಬೇರೆಯದೇ ಗಟ್ಟಿ ಪಾಸ್‌ವರ್ಡ್ ಹಾಕಿಸಿ ಅದನ್ನು ಬಂದ್ ಮಾಡಿದಳು. ಪ್ರಿಂಟಿಗೆ ಬರುವವರಿಗೆಂದು ಯಾವ ಅಧಿಕಾರವೂ ಇಲ್ಲದ ಬೇರೊಂದು ಖಾತೆ ತೆರೆದಳು. ರಿಪೇರಿಯವರು ಹೋದ ಮೇಲೆ ಪರದೆಯಲ್ಲಿ ಹೊಸ ಹೆಸರು ಬಂದಿದೆಯೇ ಎಂದು ನೋಡಬೇಕಂತೆ. ಗ್ಯಾಸ್ ಸಿಲಿಂಡರ್ ಬಂದಾಗ ಮೂಸಿ ನೋಡುವ ನಾವು, ಇದನ್ನೇಕೆ ಒಂದು ದಿನವೂ ನೋಡುವುದಿಲ್ಲ?

ಆಮೇಲೆ ನಾಟಕದ ಫೈಲು ತೆರೆದು ಏಟನ್ನು ಮತ್ತೆ ಸೇರಿಸಲು ಕೂತೆ. ಅವಳು ನಾಯಕಿಗೆ ಬರೆದಿದ್ದ ಮಾತನ್ನು ಆಗ ಸರಿಯಾಗಿ ಓದಿದೆ. "ಧಣಿ, ನಾ ತಲಿ ತಗ್ಗಿಸಿದ್ದು ಹೆದರಿ ಅಲ್ಲ. ನಾ ನೆಟ್ಟಗ ನಿಂತ್ರ ನೀ ಎಷ್ಟು ಗಿಡ್ಡ ಅಂತ ಊರಿಗೆ ಗೊತ್ತಾಗ್ತೈತಿ, ಅದಕ್ಕ."

ಅಳಿಸಲು ಕೈ ಬರಲಿಲ್ಲ. ಮಾತೂ ಇರಲಿ, ಏಟೂ ಇರಲಿ ಎಂದೆ.

ತಿಂಗಳಾದ ಮೇಲೆ ಒಂದು ಭಾನುವಾರ ಸಂಜೆ ನಾಟಕ. ಮುಂದಿನ ಸಾಲಿನಲ್ಲಿ ಹರಪನಹಳ್ಳಿಯ ಬೀಗರು. ನೇತ್ರಾ ನನ್ನ ಪಕ್ಕ ಕೂತು ಸೆರಗಿನ ಅಂಚು ಕಚ್ಚುತ್ತಿದ್ದಳು. ನಾಯಕಿ ಆ ಮಾತು ಹೇಳಿದಳು. ಚಪ್ಪಲಿ ಏಟು ಬಿತ್ತು. ಕೊಟ್ರಪ್ಪ ಮೂರು ಸುತ್ತು ತಿರುಗಿ ಬಿದ್ದ. ಸೀಟಿಯೋ ಸೀಟಿ! ಅದರ ನಡುವೆ ಎದ್ದು ನಿಂತು "ಒನ್ಸ್ ಮೋರ್!" ಎಂದು ಕೂಗಿದ್ದು ಯಾರು ಅಂತೀರಿ? ಬೀಗಿತಿ! ಕೊಟ್ರಪ್ಪ ಎದ್ದ, ಮೈ ಕೊಡವಿಕೊಂಡ, ಇನ್ನೊಂದು ಏಟು ತಿಂದ. ನೇತ್ರಾ ಅತ್ತಳೋ ನಕ್ಕಳೋ ಹೇಳಲಾರೆ.

ನಾಟಕ ಮುಗಿದ ಮೇಲೆ ಬೀಗಿತಿ ನನ್ನ ಕೈ ಹಿಡಿದುಕೊಂಡರು. "ಏಟು ಎಲ್ಲಾ ನಾಟಕದಾಗೂ ಇರ್ತತಿ ಬಿಡ್ರಿ. ಆ ಗಿಡ್ಡ ಅನ್ನೋ ಮಾತು ಬರದ್ರಲ್ಲ, ಅದಕ್ಕೇ ನಾ ಒನ್ಸ್ ಮೋರ್ ಅಂದಿದ್ದು!"

ಸುಮ್ಮನೆ ನಕ್ಕುಬಿಡೋಣ ಅನ್ನಿಸಿತು. (ಸುಳ್ಳೇಕೆ ಹೇಳಲಿ, ಅರ್ಧ ನಿಮಿಷ ನಕ್ಕೆ ಕೂಡ.) ಆಮೇಲೆ ನೇತ್ರಾಳನ್ನು ಮುಂದಕ್ಕೆ ಎಳೆದು, "ಅದನ್ನ ಬರೆದದ್ದು ನಿಮ್ಮ ಸೊಸೆ" ಎಂದೆ.

ಪಾಸ್‌ವರ್ಡ್ ಹಾಕಿ ಕಳ್ಳರನ್ನು ಹೊರಗಿಡಬಹುದು. ನಮಗಿಂತ ಚೆನ್ನಾಗಿ ಬರೆಯುವವರನ್ನು ಎಲ್ಲಿಡುವುದು?